ಮೊಳೆಗಳನ್ನು ಗುಜರಿಗೆ ಹಾಕಿದ ದಿನ

1981ರಲ್ಲಿ ನಾನು ಉಡುಪಿಯ ಒಂದು ಮುದ್ರಣಾಲಯದಲ್ಲಿ ಕಂಪೋಸಿಂಗ್ ವಿಭಾಗದ ಫೋರ್‌ಮನ್ ಆಗಿದ್ದೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಪುಟ ಕಟ್ಟುವುದು ನಮ್ಮ ಕೆಲಸ. ನನ್ನ ಕೈಕೆಳಗಿದ್ದ ಆರು ಮಂದಿಯಲ್ಲಿ ಕಾಪುವಿನ ಹಮೀದ್ ಎಲ್ಲರಿಗಿಂತ ಚುರುಕು. ಒತ್ತಕ್ಷರಗಳ ಖಾನೆಗೆ ಕಣ್ಣೆತ್ತಿ ನೋಡದೆಯೇ ಕೈ ಹಾಕುತ್ತಿದ್ದ.

ಮಣಿಪಾಲದಲ್ಲಿ ಆಗಲೇ ಆಫ್‌ಸೆಟ್ ಮುದ್ರಣದ ಮಾತು ಜೋರಾಗಿತ್ತು. ಫೋಟೋ ಟೈಪ್‌ಸೆಟಿಂಗ್ ಯಂತ್ರದ ಕೀಲಿ ಒತ್ತಿದರೆ ಅಕ್ಷರಗಳು ಬೆಳಕಿನಿಂದಲೇ ಕಾಗದದ ಮೇಲೆ ಮೂಡುತ್ತಿದ್ದವು, ಮೊಳೆಯೇ ಬೇಡ. ನಮ್ಮ ಧಣಿಗಳೂ ಅಂಥದೊಂದನ್ನು ತರಿಸುತ್ತಾರೆಂದು ಸುದ್ದಿ ಹಬ್ಬಿತು. ಅದೇ ಹೊತ್ತಿಗೆ ಹಮೀದನ ಭಾವ ದುಬೈಯಲ್ಲಿ ಅವನಿಗೊಂದು ಕೆಲಸ ಹುಡುಕಿದ್ದರು.

ಹಮೀದ್ ದುಬೈಗೆ ಹೊರಟಿದ್ದಾನೆ, ಯಂತ್ರ ಬಂದರೆ ನಮ್ಮ ಗತಿ ಏನು ಎಂದು ನಾನು ನೇರವಾಗಿ ಧಣಿಗಳನ್ನೇ ಕೇಳಿದೆ.

"ಎಂತ ಹೆದರಿಕೆ ಮಾರಾಯ? ಮಿಷನ್ ಬಂದರೆ ನಿಮಗೇ ಕಲಿಸುವುದು. ಹಮೀದನಿಗೆ ಮೊದಲು. ಹೋಗುವುದು ಬೇಡ ಅಂತ ನೀನೇ ಅವನಿಗೆ ಹೇಳು," ಎಂದರು.

ಇಪ್ಪತ್ತು ವರ್ಷ ಅವರ ಉಪ್ಪು ತಿಂದವನು ನಾನು. ನಂಬಿದೆ. ಹಮೀದನಿಗೆ ಹೇಳಿದೆ. ಅವನು ಬರುವುದಿಲ್ಲವೆಂದು ಭಾವನಿಗೆ ತಿಳಿಸಿಬಿಟ್ಟ.

ಶಾಲೆ ತೆರೆಯುವ ಮೊದಲು ಮುಗಿಸಬೇಕಾದ ದೊಡ್ಡ ಪಠ್ಯಪುಸ್ತಕದ ಕೆಲಸವೊಂದು ಕೈಯಲ್ಲಿತ್ತು. ಅದನ್ನು ಮುಗಿಸಿಕೊಟ್ಟೆವು. ಮರುವಾರವೇ ಯಂತ್ರ ಬಂತು. ಅದರ ಜೊತೆಗೇ, ಹೊರಗಿನಿಂದ ಕಲಿತು ಬಂದ ಇಬ್ಬರು ಆಪರೇಟರುಗಳೂ ಬಂದರು. ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಗುಜರಿಯವನ ಲಾರಿ ನಿಂತಿತ್ತು. ನಮ್ಮ ಮೊಳೆಗಳನ್ನು ಗೋಣಿಗೆ ಸುರಿದು ತೂಗುತ್ತಿದ್ದರು. ಹಮೀದನೂ ಉಳಿದವರೂ ಗೋಡೆಗೆ ಒರಗಿ ನೋಡುತ್ತಿದ್ದರು. ಪಠ್ಯಪುಸ್ತಕ ಮುಗಿಯುವ ತನಕ ಮಾತ್ರ ಧಣಿಗಳಿಗೆ ನಾವು ಬೇಕಾಗಿತ್ತೆಂದು ನನಗೆ ಆಗ ಹೊಳೆಯಿತು.

"ನೀವು ಮಾತು ಕೊಟ್ಟಿದ್ದಿರಿ," ಎಂದೆ.

"ಕಾಲ ಹಾಗೆ ಉಂಟು. ನಿನಗೆ ಪ್ರೂಫ್ ನೋಡುವ ಕೆಲಸ ಇಟ್ಟಿದ್ದೇನಲ್ವಾ?" ಎಂದು ಅವರು ಒಳಗೆ ಹೋದರು.

ಆ ಮಾತು ಹಮೀದನ ಕಿವಿಗೂ ಬಿತ್ತು. ಅವನು ಸಿಟ್ಟಾಗಲಿಲ್ಲ. "ಧಣಿಗಳನ್ನು ನಾನು ನಂಬಿರಲಿಲ್ಲ ವಾಸಣ್ಣ. ನಿಮ್ಮ ಮಾತಿಗೆ ನಿಂತದ್ದು," ಎಂದಷ್ಟೇ ಹೇಳಿದ.

ಪ್ರೂಫಿನ ಮೇಜಿಗೆ ನಾನು ಹೋಗಲಿಲ್ಲ. ಕಾರ್ಕಳದಲ್ಲಿ ಪರಿಚಯದವರ, ಮೊಳೆ ಜೋಡಿಸಿ ಕಾಲಿನಿಂದ ತುಳಿದು ನಡೆಸುವ ಸಣ್ಣ ಟ್ರೆಡಲ್ ಪ್ರೆಸ್ಸಿನಲ್ಲಿ ಮದುವೆ ಕಾಗದ ಅಚ್ಚು ಹಾಕುವ ಕೆಲಸಕ್ಕೆ ಸೇರಿದೆ. ಹಮೀದನನ್ನೂ ಕರೆದೆ, ಬರಲಿಲ್ಲ. ಮುಂದೆ ಅವನು ಕಾಪು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟ. ಹೋದಾಗಲೆಲ್ಲ ಚಹಾ ತರಿಸುತ್ತಿದ್ದ. ಮನೆ, ಮಕ್ಕಳ ಸುದ್ದಿ ಕೇಳುತ್ತಿದ್ದ. ಪ್ರೆಸ್ಸಿನ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಹೊಸ ಯಂತ್ರದ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ನಾವು ತಿಂಗಳು ದುಡಿಯುತ್ತಿದ್ದ ಪುಸ್ತಕ ವಾರದೊಳಗೆ ಮಕ್ಕಳ ಕೈ ಸೇರುವಂತಾಯಿತು. ಆದರೆ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಇನ್ನೊಬ್ಬರ ಭರವಸೆಯನ್ನು ನಮ್ಮ ಬಾಯಿಂದ ಹೇಳಿದರೆ, ಕೇಳಿದವನ ಪಾಲಿಗೆ ಅದು ನಮ್ಮದೇ ಭರವಸೆ.