ಗುಡ್ಡದ ಪೆಟ್ಟಿಗೆ ಮರ್ಲ್‌ನನ್ನು ಬಿಟ್ಟ ವರ್ಷ

ವರ್ನಾ ಹಾಲ್ವರ್ಸನ್‌ಗೆ ಎದುರು ಮಾತಾಡಿ ಗೆದ್ದವರು ಟ್ಯಾಮರ್ಯಾಕ್ ಕಣಿವೆಯಲ್ಲಿ ಯಾರೂ ಇಲ್ಲ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಎರಡು ತಲೆಮಾರಿನ ಮಕ್ಕಳನ್ನು ಗದರಿಸಿದವಳು. ಮೀಸೆ ಬಂದ ಗಂಡಸರು ಇವತ್ತಿಗೂ ಅವಳ ಮುಂದೆ ತಟ್ಟೆ ಖಾಲಿ ಮಾಡಿಯೇ ಏಳುತ್ತಾರೆ. ಗಂಡ ತೀರಿಕೊಂಡ ಮೇಲೆ ರೇಡಿಯೋ ಸಂಘದ ಅಧ್ಯಕ್ಷಗಿರಿಯೂ ಅವಳ ತಲೆಗೇ ಬಿತ್ತು. ಬೇರೆ ಯಾರಿಗೆ ಬೇಕಾಗಿತ್ತು ಆ ತಲೆನೋವು!

ಸಂಘವೆಂದರೆ ದೊಡ್ಡದೇನಲ್ಲ. ಸುತ್ತ ಬೆಟ್ಟ, ಮೊಬೈಲು ಕೆಲಸಕ್ಕೆ ಬಾರದ ಜಾಗ. ಪಟ್ಟಣದ ಪುಟ್ಟ ಸ್ಟೇಷನ್ನಿನ ದನಿ ನೇರವಾಗಿ ಕಣಿವೆಗೆ ಇಳಿಯುವುದಿಲ್ಲ. ಅದನ್ನು ಹಿಡಿದು ಮತ್ತೆ ಬಿತ್ತರಿಸಲು ಬಾಲ್ಡಿ ಗುಡ್ಡದ ನೆತ್ತಿಯಲ್ಲಿ ಒಂದು ಪೆಟ್ಟಿಗೆ, ಒಂದು ಕಂಬ. ಅವನ್ನು ನೋಡಿಕೊಳ್ಳುವುದೇ ಸಂಘದ ಕೆಲಸ. ಚಳಿಗಾಲದಲ್ಲಿ ಕಂಬಕ್ಕೆ ಮಂಜುಗಡ್ಡೆ ಕಟ್ಟಿದರೆ ಯಾರಾದರೂ ಹತ್ತಿ ಬಡಿದು ಉದುರಿಸಬೇಕು. ಆ ಯಾರಾದರೂ ಎಂದರೆ ಎಷ್ಟೋ ವರ್ಷಗಳಿಂದ ವರ್ನಾಳ ತಮ್ಮ ಡೆಲ್.

ಆ ಸ್ಟೇಷನ್ನಿನಲ್ಲಿ ಮರ್ಲ್ ಎಂಬ ಮುದುಕನಿದ್ದ. ಕೆಮ್ಮುತ್ತಲೇ ಹಾಡು ಹಾಕುತ್ತಿದ್ದ, ಕಳೆದುಹೋದ ನಾಯಿಗಳ ಸುದ್ದಿ ಹೇಳುತ್ತಿದ್ದ. ಕಾಡಿಗೆ ಬೆಂಕಿ ಬಿದ್ದರೆ ಮಾತ್ರ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ದಾರಿಗಳ ಹೆಸರು ಓದುತ್ತಿದ್ದ: ಈ ದಾರಿಯವರು ಹೊರಡಿ, ಆ ದಾರಿಯವರು ಕಾಯಿರಿ. ಹಾಗಾಗಿ ಕಣಿವೆಯವರಿಗೆ ಒಂದು ರೂಢಿ. ಹೊಗೆ ಕಂಡರೆ ಓಡುವುದಿಲ್ಲ, ರೇಡಿಯೋ ಹಾಕುತ್ತಾರೆ. ಹಾಡು ಬರುತ್ತಿದ್ದರೆ ನಿಶ್ಚಿಂತೆ. ಆಗಸ್ಟ್ ಬಂದರೆ ಎಲ್ಲೋ ಒಂದು ಕಡೆ ಹೊಗೆ ಇದ್ದೇ ಇರುತ್ತದೆ. ಪ್ರತಿ ಸಲವೂ ಗಂಟುಮೂಟೆ ಕಟ್ಟುತ್ತ ಕೂತರೆ ಬದುಕುವುದು ಯಾವಾಗ?

ಒಂದು ಫೆಬ್ರವರಿಯಲ್ಲಿ ಡೆಲ್ ಆ ಗುಡ್ಡದಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಹಿಮ ಕರಗುವ ಹೊತ್ತಿಗೆ ಸಂಘದ ಸಭೆಗೆ ದೂರದ ರೇಡಿಯೋ ಕಂಪನಿಯವನೊಬ್ಬ ಬಂದ. ಇಸ್ತ್ರಿ ಅಂಗಿ, ಬೆಣ್ಣೆಯಂಥ ಮಾತು. ಹಳೇ ಪೆಟ್ಟಿಗೆ ತೆಗೆದು ಹೊಸದು ಕೂರಿಸುತ್ತೇವೆ, ಇನ್ನು ಯಾರೂ ಹತ್ತಬೇಕಿಲ್ಲ, ಮರ್ಲ್‌ನ ಬದಲು ನಮ್ಮ ಹಾಡು ಉಪಗ್ರಹದಿಂದ ಇಳಿಯುತ್ತದೆ, ಅಷ್ಟೇ ಎಂದ.

"ಬೆಂಕಿ ಬಿದ್ರೆ ಹೇಳ್ತೀರೇನಪ್ಪಾ?" ಎಂದು ವರ್ನಾ ಕೇಳಿದಳು.

"ತುರ್ತು ಅಂದ್ರೆ ಹೇಳದೆ ಇರ್ತೀವಾಮ್ಮ? ಅದಕ್ಕೆಲ್ಲ ವ್ಯವಸ್ಥೆ ಇದೆ."

ಎಂಥ ವ್ಯವಸ್ಥೆ, ಹೇಳುವವರು ಯಾರು ಎಂದು ಇನ್ನೊಂದು ಮಾತು ಕೇಳಬೇಕಿತ್ತು. ಊರಿಗೆಲ್ಲ ಅಡ್ಡಪ್ರಶ್ನೆ ಹಾಕುವ ಹೆಂಗಸು ಅವತ್ತು ಕೇಳಲಿಲ್ಲ. ಅವಳ ಕಣ್ಣೆಲ್ಲ ತಮ್ಮನ ಊರುಗೋಲಿನ ಮೇಲಿತ್ತು. ಒಪ್ಪಿಗೆಯೆಂದು ಕೈ ಎತ್ತಿದಳು. ಅವಳನ್ನು ನೋಡಿ ಉಳಿದವರೂ ಎತ್ತಿದರು.

ಡೆಲ್ ಇದ್ದದ್ದು ಎಲ್ಕ್ ಕ್ರೀಕ್ ದಾರಿಯ ತುತ್ತತುದಿಯಲ್ಲಿ, ಒಬ್ಬನೇ, ಎರಡು ಹೇಸರಗತ್ತೆಗಳ ಜೊತೆ. ಸುದ್ದಿ ಕೇಳಿ ನಕ್ಕ.

"ಮರ್ಲ್‌ನ ಓಡಿಸಿಬಿಟ್ಯಾ ಅಕ್ಕ? ಇನ್ನು ನನ್ನ ಕತ್ತೆಗಳ ಜೊತೆ ಕೆಮ್ಮೋರು ಯಾರು?"

"ಮುಚ್ಚೋ ಬಾಯಿ. ಇನ್ನೊಂದ್ಸಲ ಬಿದ್ರೆ ನಿನ್ನ ಎತ್ತೋಕೆ ನನ್ನ ಕೈಲಾಗಲ್ಲ."

"ಬೆಂಕಿ ಬಂದ್ರೆ?"

"ಇದೂ ಹಾಡು ನಿಲ್ಸಿ ಹೇಳತ್ತೆ ಕಣೋ, ಅವನನ್ನೇ ಕೇಳಿದೀನಿ. ನನ್ನ ಮಾತಲ್ಲಿ ನಂಬಿಕೆ ಇಲ್ವಾ?"

"ನಿನ್ನ ನಂಬದೆ ಇನ್ಯಾರನ್ನ ನಂಬ್ಲಿ, ಮಾರಾಯ್ತಿ!"

ರೇಡಿಯೋದ ಮುಳ್ಳನ್ನು ತಿರುಗಿಸುವ ಕೆಲಸವೂ ಇರಲಿಲ್ಲ. ಅದೇ ಜಾಗದಲ್ಲಿ ಬೇರೆ ದನಿ, ಕೆಮ್ಮಿಲ್ಲದ ದನಿ. ಜನ ಬಲುಬೇಗ ಒಗ್ಗಿಕೊಂಡರು.

ಆಗಸ್ಟಿನ ಒಂದು ಬೆಳಿಗ್ಗೆ ವರ್ನಾ ಹಕಲ್‌ಬೆರಿ ಹಣ್ಣಿನ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು. ಪಡುವಣ ಬಾನು ಕಂದುಬಣ್ಣಕ್ಕೆ ತಿರುಗಿತ್ತು. ಒಣಗಲು ಹಾಕಿದ ಬಿಳಿ ದುಪ್ಪಟಿಯ ಮೇಲೆ ಬೂದಿಯ ಚೂರು. ರೇಡಿಯೋ ಹಾಕಿದಳು; ಹಾಡು ಬಂತು. ಸರಿ ಎಂದು ಪೈಯನ್ನು ಒಲೆಗೆ ಇಟ್ಟಳು. ಆಮೇಲೆ ಕಿಟಕಿಯ ಕಟ್ಟೆಗೆ ಅರ್ಧ ಸುಟ್ಟ ಪೈನ್ ಕಡ್ಡಿಯೊಂದು ಬಂದು ಬಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಹಾಡು ಬರುತ್ತಲೇ ಇತ್ತು. ಬೆಟ್ಟದಿಂದ ಜಿಂಕೆಗಳು ಇಳಿದು, ನಾಯಿಯನ್ನು ತಿರುಗಿಯೂ ನೋಡದೆ, ಅಂಗಳದಲ್ಲೇ ಹಾದು ಹೊಳೆಯ ಕಡೆ ಹೋದವು. ಅಷ್ಟರಲ್ಲಿ ಹಾಡು ಮುಗಿದು, ಯಾವಳೋ ಸಿಹಿ ದನಿಯವಳು, ಎಂಥ ಸುಂದರ ದಿನ, ಹೊರಗೆ ಹೋಗಿ ಆನಂದಿಸಿ ಎಂದಳು.

ಅಯ್ಯೋ, ಇವಳಿಗೆ ನಾವು ಇದ್ದೇವೆಂಬುದೇ ಗೊತ್ತಿಲ್ಲ! ಆಗ ಹೊಳೆಯಿತು ವರ್ನಾಳಿಗೆ. ಡೆಲ್‌ಗೆ ಫೋನ್ ಮಾಡಿದರೆ ಲೈನೇ ಸತ್ತಿತ್ತು. ಹಿಟ್ಟಿನ ಕೈಯಲ್ಲೇ ಟ್ರಕ್ ಹತ್ತಿದಳು.

ಸೇತುವೆಯ ಬಳಿ ದಾರಿ ಕಟ್ಟಿದ್ದರು. ಆಚೆಗೆ ಹೊಗೆ ಬಿಟ್ಟರೆ ಏನೂ ಕಾಣದು. ಅಲ್ಲಿ ತನ್ನ ಹಳೇ ಟ್ರಕ್ಕಿಗೆ ಒರಗಿ ಮರ್ಲ್ ನಿಂತಿದ್ದ, ಗಂಟಲು ಬಿದ್ದುಹೋಗಿತ್ತು.

"ಬೆಳಿಗ್ಗೆಯಿಂದ ಎಲ್ಕ್ ಕ್ರೀಕ್ ಹೆಸರು ಓದ್ತಾನೇ ಇದ್ದೆ ವರ್ನಾ. ಪಟ್ಟಣಕ್ಕೆ ಯಾರೂ ಇಳಿದು ಬರ್ಲಿಲ್ಲ. ಆಮೇಲೆ ನೆನಪಾಯ್ತು, ನಾನೀಗ ನಿಮಗೆ ಕೇಳಿಸಲ್ಲ ಅಂತ. ಮೈಕ್ ಬಿಟ್ಟು ಓಡಿಬಂದೆ. ತಡ ಆಗೋಯ್ತು."

ವರ್ನಾ ಸೇತುವೆಯ ಕಂಬಿ ಹಿಡಿದು ನಿಂತೇ ಇದ್ದಳು.

ಸಂಜೆಗೆ ಬೆಂಕಿ ಆರಿಸುವವರು ಡೆಲ್‌ನನ್ನು ಹೊಳೆಯ ಮಡುವಿನಿಂದ ಎತ್ತಿ ತಂದರು. ಮೈ ಸುಟ್ಟದ್ದು ಕಡಿಮೆ. ಬಿಸಿ ಹೊಗೆಗೆ ಒಳಗೆ ಶ್ವಾಸಕೋಶ ಬೆಂದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ವರ್ನಾಳನ್ನು ಪಕ್ಕಕ್ಕೆ ಕರೆದು, ಹೇಳುವುದಿದ್ದರೆ ಈಗಲೇ ಹೇಳಿಬಿಡಿ ಎಂದರು. ಹೇಳಬೇಕೆಂದೇ ಅವಳು ಒಳಗೆ ಹೋದಳು. ತಪ್ಪು ನನ್ನದು ಕಣೋ ಎನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವನೇ ಕಣ್ಣು ಬಿಟ್ಟ.

"ಹೊಗೆ ಕಂಡಿತ್ತು ಅಕ್ಕ. ಕಾಯ್ತಾ ಕೂತೆ. ಹಾಡು ನಿಲ್ಲಲೇ ಇಲ್ಲ," ಎಂದ. ಉಸಿರು ಎಳೆದುಕೊಂಡು ಮತ್ತೆ, "ಪೆಟ್ಟಿಗೆ ಏನೋ ಕೆಟ್ಟಿರ್ಬೇಕು. ಸ್ವಲ್ಪ ಹುಷಾರಾಗ್ಲಿ, ಹತ್ತಿ ನೋಡ್ತೀನಿ," ಎಂದ.

ಎಂದೂ ಮಾತಿಗೆ ತಡವರಿಸದ ವರ್ನಾ ಅವನ ಕೈ ಹಿಡಿದುಕೊಂಡಳು.

"ಹೂಂ ಕಣೋ. ನೋಡುವೆಯಂತೆ," ಎಂದಳು.