ಗೀಟು, ಸೊನ್ನೆ ಮತ್ತು ಅಣವೀರಪ್ಪನವರ ಪಿಎಚ್‌ಡಿ

ಅಣವೀರಪ್ಪನವರಿಗೆ ತಮ್ಮ ದನಿಯ ಮೇಲೆ ಬಹಳ ಪ್ರೀತಿ. ಇದು ಬೇರೆಯವರು ಹೇಳಿದ್ದಲ್ಲ, ನಿವೃತ್ತಿಯ ಹೊತ್ತಿಗೆ ಅವರೇ ಒಪ್ಪಿಕೊಂಡದ್ದು. ಕಮಲಾಪುರದ ಕಿರಾಣಿ ಅಂಗಡಿಯವರ ಮನೆಯಲ್ಲಿ ಹುಟ್ಟಿ, ಆ ಮನೆತನದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಮೊದಲಿಗರಾಗಿ, ಕಲಬುರಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದರು. ಪಾಠಕ್ಕೆ ನಿಂತರೆ ಗಂಟೆ ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ. ಹುಡುಗರು ತುಟಿ ಪಿಟ್ಟೆನ್ನದೆ ಕೂತಿರುತ್ತಿದ್ದರು. ಅದನ್ನು ಅವರು ಭಕ್ತಿ ಎಂದು ತಿಳಿದಿದ್ದರು.

೧೯೮೯ರ ಬೇಸಿಗೆಯಲ್ಲಿ ಹೈದರಾಬಾದಿಗೆ ಹೋಗಿ ನಾಲ್ಕು ವಾರದ ತರಬೇತಿ ಪಡೆದು ಬಂದರು. ಭಾಷೆ ಬರುವುದು ವ್ಯಾಕರಣದ ಪಾಠ ಕೇಳಿ ಅಲ್ಲ, ಮಕ್ಕಳು ತಾವೇ ಮಾತಾಡಿ ಎಂಬ ಹೊಸ ವಿಚಾರ ಅವರ ತಲೆಗೆ ಹೊಕ್ಕಿತು. ಊರಿಗೆ ಮರಳಿದವರೇ ಈ ವಿಚಾರದ ಬಗ್ಗೆ ಸಿಕ್ಕಸಿಕ್ಕಲ್ಲಿ ಒಂದೂವರೆ ತಾಸು ಭಾಷಣ ಮಾಡತೊಡಗಿದರು. ಸ್ಟೇಶನ್ ಬಜಾರದ ಚಹಾದಂಗಡಿಯ ನಬಿಸಾಬ್ ಕೂಡ ಕೇಳಬೇಕಾಯಿತು. ಕೇಳಿದ ಮೇಲೆ, "ಎಲ್ಲಾ ಖರೆ ಸರ್, ಚಾ ಆರಾಕತ್ತದ" ಎಂದಷ್ಟೇ ಅವನು ಹೇಳಿದ.

ಆ ವರ್ಷವೇ ಪಿಎಚ್‌ಡಿಗೆ ಹೆಸರು ಹಚ್ಚಿದರು. ಹಳ್ಳಿಯ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಮಾತು ಕಲಿಸುವುದು ಹೇಗೆ ಎಂಬುದು ವಿಷಯ. ಹಳ್ಳಿಯ ಮಾಸ್ತರರಿಗೆ ಹೊಸ ಪದ್ಧತಿ ಗೊತ್ತಿಲ್ಲ, ಗೊತ್ತಿದ್ದವರು ಕಲಿಸಿದರೆ ಮಕ್ಕಳು ಅರಳು ಹುರಿದಂತೆ ಮಾತಾಡುತ್ತಾರೆ ಎಂದು ಅವರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಸಿದ್ಧಮಾಡಿ ತೋರಿಸುವುದು ಮಾತ್ರ ಬಾಕಿ. ಮಾರ್ಗದರ್ಶಕರಾಗಿದ್ದ ಸೂಗಪ್ಪ ಸರ್ ಮಿತಭಾಷಿ. "ಆತು, ಮಾಡ್ರಿ. ಆದ್ರ ಲೆಕ್ಕ ಬಂದಂಗ ಬರೀರಿ" ಎಂದರು.

ಪ್ರಯೋಗಕ್ಕೆ ಕಮಲಾಪುರದ ಒಂದು ಹೈಸ್ಕೂಲು ಸಿಕ್ಕಿತು. ಎಂಟನೆಯ ತರಗತಿಗೆ ಇಂಗ್ಲಿಷ್ ಹೇಳುತ್ತಿದ್ದವರು ಅಮೀನಾ ಟೀಚರ್. ಮನೆಮಾತು ಉರ್ದು, ಓದಿದ್ದು ಕನ್ನಡದಲ್ಲಿ, ಇಂಗ್ಲಿಷ್ ಅವರಿಗೆ ಮೂರನೆಯ ಭಾಷೆ. ಅಣವೀರಪ್ಪನವರು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕೊಂಡ ಹೊಸ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಹುಮನಾಬಾದ್ ಬಸ್ಸಿನಲ್ಲಿ ಹೋಗಿ, ಮೊದಲು ಟೀಚರರ ಐದು ಪಾಠ ಮುದ್ರಿಸಿದರು. ಬಳಿಕ ಮಾದರಿಗೆಂದು ಅದೇ ಮಕ್ಕಳಿಗೆ ತಾವೇ ಐದು ಪಾಠ ಮಾಡಿದರು.

ಟೀಚರರ ಪಾಠದಲ್ಲಿ ಸಂತೆಯೇ ನೆರೆದಂತಿತ್ತು. ಅರ್ಧ ಮಕ್ಕಳು ಕೆಂಪು ಬಾಳೆಹಣ್ಣು ಮಾರುವವರು, ಅರ್ಧ ಮಕ್ಕಳು ಕೊಳ್ಳುವವರು. "ದಿಸ್ ಬನಾನಾ ವೈ ಬ್ಲ್ಯಾಕ್?" "ನಾಟ್ ಬ್ಲ್ಯಾಕ್, ರೆಡ್, ಸೀ ಪ್ರಾಪರ್" ಎಂದು ಒಂದೇ ಗದ್ದಲ. ಅಣವೀರಪ್ಪನವರು ಕಿವಿ ಮುಚ್ಚಿಕೊಳ್ಳದೆ ಕೂತದ್ದು ಸಂಶೋಧಕನೆಂಬ ಮರ್ಯಾದೆಗೆ. ತಮ್ಮ ಪಾಠದ ದಿನ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಶಾಂತಿ. ಅವರಿಗೆ ಬಲು ತೃಪ್ತಿಯಾಯಿತು.

ಮುಂದಿನ ಕೆಲಸ ಲೆಕ್ಕ. ಕ್ಯಾಸೆಟ್ ಹಾಕಿಕೊಂಡು, ಗಡಿಯಾರದ ಮುಳ್ಳು ಐದು ಸೆಕೆಂಡು ಸರಿದಾಗೊಮ್ಮೆ ಗುರುತು ಹಾಕಬೇಕು. ಮಾಸ್ತರ ಮಾತಾಡುತ್ತಿದ್ದರೆ ಗೀಟು, ಮಕ್ಕಳು ಮಾತಾಡುತ್ತಿದ್ದರೆ ಸೊನ್ನೆ. ನಲವತ್ತು ನಿಮಿಷದ ಪಾಠಕ್ಕೆ ನಾನೂರ ಎಂಬತ್ತು ಗುರುತು. ತಾವೇ ಕೂತರೆ ಪಕ್ಷಪಾತವಾದೀತೆಂದು ಹೆಂಡತಿ ಲಲಿತಾಬಾಯಿಗೆ ಒಪ್ಪಿಸಿದರು. ಅವರಿಗೆ ಇಂಗ್ಲಿಷ್ ಬಾರದು, ಹೀಗಾಗಿ ಮಾತಿನ ಮೋಡಿಗೆ ಬೀಳುವ ಭಯವಿಲ್ಲ ಎಂಬುದು ಅಣವೀರಪ್ಪನವರ ವಾದ.

ವಾರದ ನಂತರ ಒಂದು ಮಧ್ಯಾಹ್ನ ಲಲಿತಾಬಾಯಿ ಹಾಳೆಗಳನ್ನು ತಂದು ಮುಂದಿಟ್ಟರು.

"ಈ ಟೇಪ್ ಕೆಟ್ಟದ ಅನಸ್ತದ್ರಿ. ಇದರಾಗ ಮಕ್ಕಳೇ ಇಲ್ಲ."

"ಯಾವುದು?"

"ನಿಮ್ಮದು. ಬರೇ ನೀವೇ ಇದ್ದೀರಿ."

ಅಣವೀರಪ್ಪನವರು ನೋಡಿದರು. ಹಾಳೆಯ ತುಂಬ ಗೀಟುಗಳು, ತೊಗರಿಕಟ್ಟಿಗೆಯ ಬೇಲಿಯ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಸೊನ್ನೆ ಎಣಿಸಿದರೆ ಮೂವತ್ತೊಂದು. ತಮ್ಮ ಉಳಿದ ನಾಲ್ಕು ಪಾಠದ ಹಾಳೆಗಳದೂ ಅದೇ ಹಣೆಬರಹ. ತಾವೇ ಕ್ಯಾಸೆಟ್ ಹಾಕಿ ಕೇಳಿದರು. ಮಕ್ಕಳು ಮಾತಾಡಬೇಕು ಎಂದು ಮಕ್ಕಳಿಗೆ ಇಪ್ಪತ್ತು ನಿಮಿಷ ತಿಳಿಸಿ ಹೇಳುವ ಒಬ್ಬ ಮನುಷ್ಯ ಅದರಲ್ಲಿದ್ದ. ಪ್ರಶ್ನೆ ಕೇಳಿದವನೂ ಅವನೇ, ತಡೆಯಲಾರದೆ ಉತ್ತರ ಹೇಳಿದವನೂ ಅವನೇ. ಆ ಮೂವತ್ತೊಂದು ಸೊನ್ನೆಗಳಲ್ಲಿ ಬಹುಪಾಲು "ಎಸ್ ಸರ್". ಅಮೀನಾ ಟೀಚರರ ಹಾಳೆಯಲ್ಲಿ ಸೊನ್ನೆಗಳು ಅರ್ಧಕ್ಕಿಂತ ಹೆಚ್ಚಿದ್ದವು.

"ಯಂತ್ರ ಸರಿ ಇಲ್ಲ" ಎಂದರು ಅಣವೀರಪ್ಪನವರು.

"ಅವರದು ಹಿಡದದ್ದೂ ಇದೇ ಯಂತ್ರ ಅಲ್ಲೇನ್ರಿ?" ಎಂದು ಲಲಿತಾಬಾಯಿ ಒಳಗೆ ಹೋದರು.

ಮುಂದಿನ ಐದು ವರ್ಷ ಪ್ರಬಂಧ ಒಂದು ಪುಟವೂ ಸರಿಯಲಿಲ್ಲ. ತಮ್ಮ ಐದು ಪಾಠಗಳನ್ನು ಕೈಬಿಟ್ಟು ಬರೆದರೆ ಹೇಗೆ ಎಂದು ಯೋಚಿಸಿದರು. ಕಡೆಗೆ ಸೂಗಪ್ಪ ಸರ್ ಕರೆಸಿ ಕೇಳಿದಾಗ, "ಆ ಐದು ಕ್ಯಾಸೆಟ್ಟಿಗೆ ಬೂಷ್ಟು ಹಿಡದದ ಸರ್" ಎಂದುಬಿಟ್ಟರು.

ಸೂಗಪ್ಪ ಸರ್ ಕಿಟಕಿಯ ಹೊರಗೆ ನೋಡಿದರು. ಮೇ ತಿಂಗಳು. "ಕಲಬುರಗಿ ಬಿಸಲಾಗ ಬೂಷ್ಟು?" ಎಂದರು. ಆಮೇಲೆ ತಮ್ಮ ಕಾಗದಗಳತ್ತ ತಿರುಗಿದರು.

ಅಣವೀರಪ್ಪನವರಿಗೆ ಬೈಸಿಕೊಂಡಿದ್ದರೆ ಹಗುರವಾಗುತ್ತಿತ್ತು. ಮರುದಿನವೇ ಕಮಲಾಪುರದ ಅಮೀನಾ ಟೀಚರರ ಮನೆಗೆ ಹೋಗಿ ಅವರ ಮುಂದೆ ಇಬ್ಬರ ಹಾಳೆಗಳನ್ನೂ ಹರವಿದರು. ಇದನ್ನು ಹೇಗೆ ಸಾಧಿಸಿದಿರಿ ಎಂದು ಕೇಳಿದರು. ಟೀಚರ್ ನಾಚಿಕೊಂಡರು.

"ಸಾಧಿಸೂದು ಏನ್ ಬಂತು ಸರ್. ನನಗ ಇಂಗ್ಲಿಷ್ ನಿಮ್ಮಷ್ಟು ಬರಂಗಿಲ್ಲ. ಹೆಚ್ಚು ಮಾತಾಡಿದ್ರ ನನ್ನ ತಪ್ಪು ಮಕ್ಕಳು ಕಲೀತಾವ. ಅದಕ್ಕ ಅವರಿಗೇ ಮಾತಾಡಾಕ ಬಿಡ್ತೀನಿ. ತಪ್ಪು ಮಾಡಿದ್ರೂ ತಮ್ಮವೇ ತಪ್ಪು ಮಾಡ್ಲಿ."

ಅಣವೀರಪ್ಪನವರು ಏನೋ ಹೇಳಬೇಕೆಂದು ಬಾಯಿ ತೆರೆದರು. ಆಮೇಲೆ ಮುಚ್ಚಿಕೊಂಡರು. ಆ ದಿನದಿಂದ ಪ್ರಬಂಧ ತಾನೇ ಓಡಿತು. ಲೆಕ್ಕ ಬಂದ ಹಾಗೆ ಬರೆದರು. ಅಮೀನಾ ಟೀಚರ್ 'ಮೊದಲನೆಯ ಶಿಕ್ಷಕಿ', ತಾವು 'ಎರಡನೆಯ ಶಿಕ್ಷಕ'. ಎರಡನೆಯ ಶಿಕ್ಷಕನ ದೋಷಗಳಿಗೇ ನಲವತ್ತು ಪುಟ ಹಿಡಿಯಿತು. ದೋಷ ಹೇಳುವಾಗಲೂ ಅವರಿಗೆ ಚಿಕ್ಕದಾಗಿ ಹೇಳಲು ಬರಲಿಲ್ಲ.

೧೯೯೭ರಲ್ಲಿ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರಾಧ್ಯಾಪಕರು, "ಈ ಎರಡನೆಯವನನ್ನು ಕೆಲಸದಲ್ಲಿ ಇಟ್ಟುಕೊಂಡವರು ಯಾರು?" ಎಂದು ಕೇಳಿದರು.

"ನಮ್ಮ ಕಾಲೇಜು ಸರ್. ಹದಿನೆಂಟು ವರ್ಷದಿಂದ" ಎಂದರು ಅಣವೀರಪ್ಪನವರು. ಪ್ರಾಧ್ಯಾಪಕರಿಗೆ ಅರ್ಥವಾಗಲು ಅರೆಗಳಿಗೆ ಹಿಡಿಯಿತು. ಸೂಗಪ್ಪ ಸರ್ ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು. ಡಾಕ್ಟರೇಟು ಬಂತು.

ಪ್ರಬಂಧದ ಪ್ರತಿ ಕೊಡಲು ಹೋದಾಗ ಅಮೀನಾ ಟೀಚರ್ ಪುಟ ತಿರುವಿ, "ನನ್ನ ಹೆಸರು ಎಲ್ಲೂ ಇಲ್ಲಲ್ರೀ ಸರ್?" ಎಂದರು. ಸಂಶೋಧನೆಯಲ್ಲಿ ಹೆಸರು ಮುಚ್ಚಿಡುವುದು ನಿಯಮ ಎಂದು ಇವರು ತಿಳಿಸಿದರು.

"ತಪ್ಪು ಮಾಡಿದವರದು ಮುಚ್ಚಿದ್ರ ಸರಿ. ಛಲೋ ಮಾಡಿದವರದೂ ಮುಚ್ಚೂದು ಯಾಕ?"

ಮುಂದಿನ ಜೂನ್‌ನಲ್ಲಿ ಅಣವೀರಪ್ಪನವರ ಕಾಲೇಜಿನಲ್ಲಿ ಹಳ್ಳಿ ಶಿಕ್ಷಕರಿಗೆ ಎರಡು ದಿನದ ತರಬೇತಿ ಏರ್ಪಾಡಾದಾಗ, ಆಹ್ವಾನ ಪತ್ರಿಕೆಯಲ್ಲಿ ಮೊದಲ ಹೆಸರು ಅಮೀನಾ ಟೀಚರರದು. ಭಾಷಣ ತಮ್ಮಿಂದಾಗದು ಎಂದು ಟೀಚರ್ ಇಪ್ಪತ್ತು ಮಕ್ಕಳನ್ನೇ ಕರೆತಂದರು. ಬೆಂಚುಗಳು ಬಸ್ಸಾದವು, ನೆರೆದ ಶಿಕ್ಷಕರು ಪ್ರಯಾಣಿಕರಾದರು. ಕಂಡಕ್ಟರ್ ಆಗಿದ್ದ ಮಲ್ಕಮ್ಮ ಎಂಬ ಹುಡುಗಿ ಅಣವೀರಪ್ಪನವರ ಮುಂದೆ ನಿಂತು, "ವೇರ್ ಯು ಗೋ?" ಎಂದಳು.

ವಾಕ್ಯ ತಿದ್ದಲು ಅವರ ನಾಲಿಗೆ ತುರಿಸಿತು. "ವೇರ್ ಆರ್ ಯು..." ಎಂದು ಶುರುಮಾಡಿದರು.

"ನೋ ಟಿಕೆಟ್? ಗೆಟ್ ಡೌನ್" ಎಂದಳು ಮಲ್ಕಮ್ಮ.

ಅವರು ಇಳಿದು ಗೋಡೆಯ ಬದಿಗೆ ನಿಂತರು. ಆ ತರಬೇತಿ ಪ್ರತಿ ಜೂನ್‌ನಲ್ಲಿಯೂ ನಡೆಯಿತು, ಅವರು ನಿವೃತ್ತರಾದ ೨೦೦೬ರವರೆಗೂ. ಕುರ್ಚಿ ಹಾಕಿಸುವುದು, ಚಹಾ ತರಿಸುವುದು ಡಾಕ್ಟರ್ ಅಣವೀರಪ್ಪನವರ ಪಾಲಿಗೆ ಬಂತು. ಅದನ್ನು ಅವರು ಚೆನ್ನಾಗಿಯೇ ಮಾಡಿದರು.