ಬಚ್ಚಲ ಬಾಗಿಲಿನ ಸ್ಕ್ರೂ

ನಾನು ಚಿಕ್ಕವಳಿದ್ದಾಗ ನಾವು ವಾಸ್ಕೋದ ಬಾಯ್ನಾದಲ್ಲಿ, ಒಣಮೀನಿನ ವಾಸನೆ ಸದಾ ಅಡರಿರುತ್ತಿದ್ದ ಒಂದು ಚಾಳಿನಲ್ಲಿದ್ದೆವು. ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಅಕ್ಕ ಬಡಗಿಯ ಅಂಗಡಿಗೆ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದಳು. ಇಡೀ ಚಾಳಿಗೆ ಒಂದೇ ಬಚ್ಚಲು. ಉಪ್ಪುಗಾಳಿಗೆ ಅದರ ಬಾಗಿಲಿನ ಕೀಲುಗಳು ತುಕ್ಕು ತಿಂದು ಮುರಿದಿದ್ದವು. ಹೆಂಗಸರೆಲ್ಲ ಗಲಾಟೆ ಮಾಡಿದ ಮೇಲೆ, ಚಾಳು ನೋಡಿಕೊಳ್ಳುತ್ತಿದ್ದ ಮುಕಾದಮ ಹೊಸ ಕೀಲು, ಸ್ಕ್ರೂ ತಂದ. ಅವನೂ ನಮ್ಮ ಧಾರವಾಡದ ಕಡೆಯವನೇ.

ಸ್ಕ್ರೂವನ್ನು ತಿರುಗಿಸಿ ಕೂರಿಸಬೇಕಲ್ಲವೇ? ಅವನು ಮೊಳೆಯ ಹಾಗೆ ಸುತ್ತಿಗೆಯಿಂದ ಬಡಿಯತೊಡಗಿದ. ಅಕ್ಕ ತಡೆದಳು.

"ಕಾಕಾ, ಹಂಗ ಬಡದ್ರ ಕಟ್ಟಿಗಿ ಸೀಳತೈತ್ರಿ. ಸ್ಕ್ರೂ ನಿಲ್ಲಂಗಿಲ್ಲ."

"ನೀ ಹೋಗಿ ರೊಟ್ಟಿ ಬಡಿ," ಎಂದು ಅವನು ನಕ್ಕ.

ಮರುದಿನ ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಸಮುದ್ರದ ಕಡೆಯಿಂದ ಜೋರು ಗಾಳಿ ಬೀಸಿತು. ಬಾಗಿಲು ಕಿತ್ತುಕೊಂಡು ಹೊರಗೆ ಬಿತ್ತು. ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದ ಗಂಡಸರಲ್ಲಿ ಕೆಲವರು ಮುಖ ತಿರುಗಿಸಿದರು, ಕೆಲವರು ನಕ್ಕರು. ನಾನು ಓಡಿ ಹೋಗಿ ಹಗ್ಗದ ಮೇಲಿದ್ದ ಸೀರೆಯನ್ನು ಎಳೆದು ಅವಳಿಗೆ ಸುತ್ತಿದೆ.

ಬಟ್ಟೆ ಹಾಕಿಕೊಂಡವಳೇ, ಒದ್ದೆಕೂದಲಲ್ಲೇ, ಬಾಗಿಲನ್ನು ದರದರ ಎಳೆದುಕೊಂಡು ಮುಕಾದಮನ ಮನೆಗೆ ನಡೆದಳು. ಹಿಂದೆ ಚಾಳಿನ ಹೆಂಗಸರು. ಅವನ ಹೊಸ್ತಿಲಿಗೆ ಅಡ್ಡಲಾಗಿ ಅದನ್ನು ಕೆಡವಿದಳು.

"ಇಷ್ಟಕ್ಕ ಯಾಕವ್ವಾ ಸಿಟ್ಟು?" ಎಂದ.

"ನಿಮ್ಮ ಮಗಳು ಒಳಗಿದ್ದಿದ್ರ ಹಿಂಗ ಬಡೀತಿದ್ರೇನ್ರಿ? ಹೇಳ್ರಿ!"

ಅವನು ಬಾಗಿಲನ್ನು ತಾನೇ ಹೊತ್ತು ಬಚ್ಚಲ ಕಡೆ ನಡೆದ. ಅಕ್ಕ ಅಂಗಡಿಯಿಂದ ಸ್ಕ್ರೂ ಡ್ರೈವರ್ ತಂದಳು. ಬಾಗಿಲು ಎತ್ತಿ ಹಿಡಿಯಲು ಅವನನ್ನೇ ನಿಲ್ಲಿಸಿದಳು. ಸೀಳಿದ ಜಾಗ ಬಿಟ್ಟು ಗಟ್ಟಿ ಮರದಲ್ಲಿ ಮೊದಲು ಸಣ್ಣ ತೂತು ಕೊರೆದಳು. ಸ್ಕ್ರೂಗೆ ಸಾಬೂನು ಸವರಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಳು. ಬಾಗಿಲು ಭದ್ರವಾಗಿ ಕೂತಿತು. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ. ಅಂದು ನಕ್ಕವರೊಂದಿಗೆ ಅವಳು ಮತ್ತೆಂದೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮಕ್ಕಳೇ, ನಿಮ್ಮ ಫ್ಲ್ಯಾಟಿನ ಬಚ್ಚಲಿಗೆ ಒಳಗಿನಿಂದ ಚಿಲಕವಿದೆ. ಹಾಡಿಕೊಂಡು ಬೇಕಾದಷ್ಟು ಹೊತ್ತು ಸ್ನಾನ ಮಾಡುತ್ತೀರಿ. ಹೊರಗಿನಿಂದ ಯಾರಾದರೂ ತಟ್ಟಿದರೆ "ತಡೀರಿ!" ಎಂದು ಗದರುತ್ತೀರಿ. ಗದರಿ, ತಪ್ಪೇನಿಲ್ಲ. ನಿಮ್ಮ ವಯಸ್ಸಿನಲ್ಲಿ, ಅಕ್ಕ ಆ ಸ್ಕ್ರೂ ಕೂರಿಸುವ ಮುಂಚೆ, ನಾನು ಒಂದು ಕೈಯಿಂದ ಆ ಮುರುಕು ಬಾಗಿಲನ್ನು ಹಿಡಿದುಕೊಂಡು, ಇನ್ನೊಂದರಿಂದ ಮೈ ತೊಳೆದುಕೊಳ್ಳುತ್ತಿದ್ದೆ.